ದೇವರ ಮೇಲೆ ಭಾರ ಹಾಕಿದರೆ ಮನುಷ್ಯ ಬೆಳೆಯುವುದು ಹೇಗೆ? ಕೈ ಮುರಿದಾಗಿನಿಂದ ಕಾಡುತ್ತಿರುವ ಪ್ರಶ್ನೆ

ವೈಂಡಿಂಗ್ ಅಂಗಡಿ, ದಾವಣಗೆರೆ

ಎಲ್ಲರಿಗೂ ಯೇಸುವಿನ ಹೆಸರಿನಲ್ಲಿ ವಂದನೆ. ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನಾನು ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಮಾಡುತ್ತೇನೆ. 16 ವರ್ಷವಾಯಿತು. ಪಂಪ್‌ಸೆಟ್, ಬೋರ್‌ವೆಲ್ ಮೋಟಾರ್, ಹಿಟ್ಟಿನ ಗಿರಣಿ ಮೋಟಾರ್, ಏನು ಸುಟ್ಟರೂ ನಮ್ಮ ಅಂಗಡಿಗೆ ಬರುತ್ತದೆ. ಈ ಫೆಬ್ರವರಿಯಲ್ಲಿ ರಾತ್ರಿ ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ನಮಗೆ ಫೆಬ್ರವರಿಯಿಂದ ಮೇವರೆಗೆ ಸುಗ್ಗಿ. ಚನ್ನಗಿರಿ ಕಡೆ ಅಡಿಕೆ ತೋಟಗಳಿಗೆ ನೀರು ಬೇಕು, ವೋಲ್ಟೇಜ್ ಸರಿಯಾಗಿ ಇರುವುದಿಲ್ಲ. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟಾರ್ ಎಳೆದಾಡುತ್ತಾ ಕಾಯಿಲ್ ಸುಟ್ಟುಕೊಳ್ಳುತ್ತದೆ. ಅದೇ ಸಮಯಕ್ಕೆ ನನ್ನ ಕೈ ಹೋಯಿತು.

ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮಗೆ ಬರುವ ಬೋರ್‌ವೆಲ್ ಮೋಟಾರುಗಳ ಒಳಗೆ ನೀರು ತುಂಬಿರುತ್ತದೆ. ಅದಕ್ಕೇ ವೈರ್ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಒಂದೊಂದು ಸುತ್ತನ್ನೂ ಸ್ಲಾಟಿನೊಳಗೆ, ಅಂದರೆ ಮೋಟಾರಿನ ಒಳಗಿನ ಸೀಳಿನೊಳಗೆ, ತೂರಿಸಿ ಆ ಕಡೆಯಿಂದ ಎಳೆಯಬೇಕು. ಎಳೆಯುವಾಗ ಹೊದಿಕೆ ಒಂದು ಕಡೆ ಕೆರೆದರೂ ಸಾಕು, ಬೋರಿಗೆ ಇಳಿಸಿದ ಮೇಲೆ ಮತ್ತೆ ಸುಡುತ್ತದೆ. ಕೈಗೆ ಹಿಡಿತವಿಲ್ಲದವನು ಮಾಡುವ ಕೆಲಸವಲ್ಲ.

ನಾಲ್ಕು ತಿಂಗಳು ಸ್ಟೂಲ್ ಮೇಲೆ ಕೂತೆ. ಅಂಗಡಿಯ ಹುಡುಗ ಕೆಲಸ ಮಾಡಿದ, ನಾನು ಬಾಯಲ್ಲಿ ಹೇಳಿದೆ. ಅವನು ಎರಡು ಮೋಟಾರ್ ಕೆಡಿಸಿದ, ನಾನು ಕೂಗಾಡಿದೆ. ಹೆಂಡತಿ ಬ್ಲೌಸ್ ಹೊಲಿದು ಸಂಸಾರ ನಡೆಸಿದಳು. ಅಂಗಿ ಗುಂಡಿ ಹಾಕಿಕೊಳ್ಳಲು ನನಗೆ ಏಳು ವರ್ಷದ ಮಗಳು ಬೇಕಾಗಿತ್ತು. ಸಭೆಯವರು 25 ಕೆಜಿ ಅಕ್ಕಿ ತಂದಿಟ್ಟರು. ಪ್ರಾರ್ಥನಾ ಕೂಟದ ಅಮ್ಮಂದಿರು ಡಬ್ಬಿಗಳಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕೊಟ್ಟು ಹೋಗುತ್ತಿದ್ದರು. ಒಂಬತ್ತು ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇವೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಲ್ವಾ? ತುಂಬಿ ಕೊಡಲು ಆಗ ನಮ್ಮಲ್ಲಿ ಏನೂ ಇರಲಿಲ್ಲ. ಈಗ ಅಡುಗೆಮನೆಯಲ್ಲಿ ಅವನ್ನು ನೋಡಿದಾಗೆಲ್ಲ ನಾಚಿಕೆಯಾಗುತ್ತದೆ.

ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ಇದ್ದವರು. ಮಿಲ್ ಮುಚ್ಚಿದ ಮೇಲೆ ತಳ್ಳುಗಾಡಿಯಲ್ಲಿ ಸೊಪ್ಪು ಮಾರಿ ನಮ್ಮನ್ನು ಓದಿಸಿದರು. ಯಾರ ಮುಂದೆಯೂ ಕೈ ಚಾಚಲಿಲ್ಲ. "ಕೈ ಚಾಚಿದ ದಿನ ಅರ್ಧ ಸತ್ತಂಗೆ" ಅನ್ನುತ್ತಿದ್ದರು. ನಾನು ಆ ಮಾತಿನಲ್ಲೇ ಬೆಳೆದವನು.

ಏಪ್ರಿಲ್‌ನಲ್ಲಿ ಒಂದು ಭಾನುವಾರ ನಮ್ಮ ಪಾಸ್ಟರ್ ಹೀಗೆ ಹೇಳಿದರು: "ನಾವು ಮೋಟಾರ್, ದೇವರು ಕರೆಂಟ್. ಆತನಿಗೆ ಅಂಟಿಕೊಂಡಿದ್ದರೆ ಬೆಳೆಯುತ್ತೀರಿ." ನನ್ನನ್ನು ನೋಡಿಯೇ ಹೇಳಿದರು, ಪ್ರೀತಿಯಿಂದ. ಆದರೆ ನಾನು ಮೋಟಾರ್ ಬಿಚ್ಚಿ ನೋಡಿದವನು. ಕರೆಂಟ್ ಹರಿದರೆ ಮೋಟಾರ್ ಬೆಳೆಯುವುದಿಲ್ಲ. ಓಡುತ್ತದೆ, ಬೇರಿಂಗ್ ಸವೆಯುತ್ತದೆ, ಒಂದು ದಿನ ನಿಲ್ಲುತ್ತದೆ. ನನ್ನ ಮಗಳು ಬೆಳೆಯುತ್ತಿದ್ದಾಳೆ ಅಂತ ನಾನು ಹೇಳುವುದು ಅವಳು ನನ್ನ ಕೈ ಬಿಟ್ಟು ರಸ್ತೆ ದಾಟಿದಾಗ. ಹಾಗಿದ್ದಾಗ ದೇವರನ್ನು ಹೆಚ್ಚು ಹೆಚ್ಚು ಹಿಡಿದುಕೊಳ್ಳುವುದು ಬೆಳವಣಿಗೆ ಆಗುವುದು ಹೇಗೆ? ನನಗಂತೂ ಈ ನಾಲ್ಕು ತಿಂಗಳಲ್ಲಿ ಸಣ್ಣವನಾದೆ ಅನ್ನಿಸಿತೇ ಹೊರತು ದೊಡ್ಡವನಾದೆ ಅನ್ನಿಸಲಿಲ್ಲ.

ಇನ್ನೊಂದಿದೆ, ಅದು ಜಾಸ್ತಿ ಕಾಡುತ್ತದೆ. ನೋವಿಗೆ ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ನಾನು ಮಾಡಿದಂಥ ಪ್ರಾರ್ಥನೆ ಹಿಂದೆಂದೂ ಮಾಡಿರಲಿಲ್ಲ. ಈಗ ಕೈ ಮುಕ್ಕಾಲು ಪಾಲು ಸರಿಹೋಗಿದೆ. ಬೆಳಿಗ್ಗೆ ಎಂಟೂವರೆಗೆ ಶಟರ್ ಎತ್ತಿದರೆ ರಾತ್ರಿವರೆಗೂ ದೇವರ ನೆನಪೇ ಬರುವುದಿಲ್ಲ. ಹಾಗಾದರೆ ಆಗ ಇದ್ದದ್ದು ನಂಬಿಕೆಯಾ, ಬರೀ ಭಯವಾ? ಅನುಭವ ಇದ್ದವರು ಹೇಳಿ.

ಸಿಸ್ಟರ್, ಚಿತ್ರದುರ್ಗ

ಅಣ್ಣ, ನಾನು ನರ್ಸ್. ಮೂಳೆ ವಾರ್ಡಿನಲ್ಲಿ 11 ವರ್ಷ ಇದ್ದೆ. ಮೂಳೆ ಮುರಿದ ಗಂಡಸರು ನೋವಿಗೆ ಅಳುವುದಿಲ್ಲ. ಇನ್ನೊಬ್ಬರು ಊಟ ಮಾಡಿಸುವಾಗ ಅಳುತ್ತಾರೆ. ಅದನ್ನು ಎಷ್ಟು ಸಲ ನೋಡಿದ್ದೇನೋ. ಹಾಗಾಗಿ ನಿಮ್ಮ ಅಂಗಿ ಗುಂಡಿಯ ಮಾತು ಓದಿ ಸುಮ್ನೆ ಹೋಗಲು ಆಗಲಿಲ್ಲ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. ಭಯದಿಂದ ಕೂಗಿದ್ದೂ ಪ್ರಾರ್ಥನೆಯೇ ಅಣ್ಣ. ಮತ್ತಾಯ 14ರಲ್ಲಿ ಪೇತ್ರ ನೀರಿನಲ್ಲಿ ಮುಳುಗುವಾಗ ಕೂಗಿದ್ದು ಭಯಪಟ್ಟೇ. ಯೇಸು ಮೊದಲು ಕೈ ಚಾಚಿ ಹಿಡಿದ, ಆಮೇಲೆ "ಅಲ್ಪವಿಶ್ವಾಸಿಯೇ, ಯಾಕೆ ಸಂದೇಹಪಟ್ಟೆ" ಅಂತ ಕೇಳಿದ. ಹಿಡಿದದ್ದು ಮೊದಲು. ಆ ಮೂರು ಗಂಟೆಯ ಪ್ರಾರ್ಥನೆಗಳನ್ನು ಸುಳ್ಳು ಅಂದುಕೊಳ್ಳಬೇಡಿ.

ಇನ್ನು ಡಬ್ಬಿಗಳ ವಿಷಯ. 2 ಕೊರಿಂಥ 7ರಲ್ಲಿ ಪೌಲ ತಾನು ಮಕೆದೋನ್ಯಕ್ಕೆ ಬಂದಾಗ ಹೇಗಿದ್ದೆ ಅಂತ ಬರೆಯುತ್ತಾನೆ. ಹೊರಗೆ ಜಗಳ, ಒಳಗೆ ಭಯ. ಆಗ ಕುಗ್ಗಿದವರನ್ನು ಸಂತೈಸುವ ದೇವರು ನಮ್ಮನ್ನು ಸಂತೈಸಿದ ಅನ್ನುತ್ತಾನೆ. ಹೇಗೆ? ತೀತನು ಬಂದದ್ದರಿಂದ. ದೇವದೂತ ಬರಲಿಲ್ಲ, ಬಾಗಿಲಲ್ಲಿ ಒಬ್ಬ ಗೆಳೆಯ ಬಂದು ನಿಂತ. ಅಷ್ಟು ದೊಡ್ಡ ಅಪೊಸ್ತಲನಿಗೆ ಅದು ಸಾಕಾಯಿತು, ಅದನ್ನು ದೇವರ ಕೆಲಸ ಅಂತ ಬರೆದಿಟ್ಟ. ನೀವು ದೇವರ ಮುಂದೆ ಕೈ ಚಾಚಿದ್ದಕ್ಕೆ ನಾಚಿಕೆಪಡುತ್ತಿಲ್ಲ, ಅಮ್ಮಂದಿರ ಡಬ್ಬಿಗೆ ನಾಚಿಕೆಪಡುತ್ತೀರಿ. ಆದರೆ ನೀವು ಕೇಳಿದ್ದು ಅಲ್ಲಿ, ಬಂದದ್ದು ಈ ಡಬ್ಬಿಯಲ್ಲಿ.

ನಿಮ್ಮಪ್ಪನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗಲಾತ್ಯ 6ರಲ್ಲಿ "ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕು" ಅಂತಲೂ ಇದೆ. ಅದು 5ನೇ ವಚನ. ಒಬ್ಬರ ಭಾರ ಒಬ್ಬರು ಹೊತ್ತುಕೊಳ್ಳಿ ಅನ್ನುವುದು ಅದಕ್ಕೂ ಮುಂಚೆ, 2ನೇ ವಚನದಲ್ಲಿ. ಅಪ್ಪ 5ನೆಯದನ್ನು ಜೀವಮಾನವಿಡೀ ನಡೆಸಿದರು. 2ನೆಯದನ್ನು ಅವರಿಗೆ ಯಾರೂ ತೋರಿಸಿಕೊಡಲಿಲ್ಲವೇನೋ. ಮಿಲ್ ಮುಚ್ಚಿದಾಗ ಒಬ್ಬರಾದರೂ ಡಬ್ಬಿ ತಂದಿದ್ದರೆ!

ನಮ್ಮ ಊರಿನವಳಾಗಿ ಇನ್ನೊಂದು ಮಾತು. 46ನೇ ಕೀರ್ತನೆಯಲ್ಲಿ ದೇವರನ್ನು ಆಶ್ರಯದುರ್ಗ ಅನ್ನುತ್ತಾರೆ. ದುರ್ಗ ಅಂದರೆ ನಮಗೆ ಕಣ್ಣೆದುರೇ ಇರುವ ಏಳು ಸುತ್ತಿನ ಕೋಟೆ. ಕೋಟೆಯ ಆಶ್ರಯದಲ್ಲಿ ಇದ್ದವರೇನು ಕೈ ಕಟ್ಟಿ ಕೂತಿರಲಿಲ್ಲ. ಹೊಂಡ ಕಟ್ಟಿ ನೀರು ನಿಲ್ಲಿಸಿದರು. ಒನಕೆ ಹಿಡಿದು ಕಿಂಡಿ ಕಾದ ಓಬವ್ವನೂ ಅದೇ ಆಶ್ರಯದಲ್ಲಿ ಇದ್ದವಳೇ.

ಕೈಗೆ ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ. ಮುಕ್ಕಾಲಿಗೆ ಬಂದ ಮೇಲೆ ಬಿಡುವವರೇ ಜಾಸ್ತಿ.

ಹರಿಹರದ ಮಗಳು

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ.

ದೇವರ ಮೇಲೆ ಭಾರ ಹಾಕು ಅನ್ನುವ ಮಾತಿನಿಂದ ನಮ್ಮ ಮನೆಯಲ್ಲಿ ಪೆಟ್ಟು ಬಿದ್ದಿದೆ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ಮನೆಕೂಟದಲ್ಲಿ ಯಾರೋ "ಮಾತ್ರೆ ನುಂಗುವುದು ಅಪನಂಬಿಕೆ" ಅಂದರು. ಬೈಬಲಿನಲ್ಲಿ ಆಸ ಅನ್ನುವ ರಾಜನ ಕಥೆ ತೋರಿಸಿದರು. ಅವನು ಕಾಲುರೋಗದಲ್ಲಿ ಯೆಹೋವನನ್ನು ಬಿಟ್ಟು ವೈದ್ಯರನ್ನು ನೆಚ್ಚಿಕೊಂಡ, ಅದಕ್ಕೇ ಸತ್ತ ಅಂತ. ಅಮ್ಮ ನಮಗೆ ಹೇಳದೆ ಎರಡು ತಿಂಗಳು ಮಾತ್ರೆ ಬಿಟ್ಟರು. ಕಾಲಿನ ಸಣ್ಣ ಗಾಯ ದೊಡ್ಡದಾಯಿತು. ಎರಡು ಬೆರಳು ತೆಗೆಯಬೇಕಾಯಿತು.

ಆಮೇಲೆ ನಾನೇ ಕೂತು ಬೈಬಲ್ ಓದಿದೆ. 2 ಪೂರ್ವಕಾಲವೃತ್ತಾಂತ 16ನೇ ಅಧ್ಯಾಯ ಪೂರ್ತಿ ಓದಿದರೆ ಆಸನ ತಪ್ಪು ಕಾಲುನೋವಿನಲ್ಲಿ ಶುರುವಾಗಿದ್ದಲ್ಲ. ಅದಕ್ಕೂ ಮುಂಚೆ ದೇವಾಲಯದ ಬೆಳ್ಳಿಬಂಗಾರ ಕೊಟ್ಟು ಅರಾಮಿನ ರಾಜನನ್ನು ಕೊಂಡುಕೊಂಡಿದ್ದ. ಬುದ್ಧಿ ಹೇಳಿದ ದರ್ಶಿಯನ್ನು, ಅಂದರೆ ಪ್ರವಾದಿಯನ್ನು, ಸೆರೆಗೆ ಹಾಕಿಸಿದ್ದ. ವೈದ್ಯರ ಹತ್ತಿರ ಹೋದದ್ದು ತಪ್ಪಾಗಿರಲಿಲ್ಲ, ದೇವರನ್ನು ಕೇಳದೇ ಬಿಟ್ಟದ್ದು ತಪ್ಪಾಗಿತ್ತು. ರಾಜ ಹಿಜ್ಕೀಯನಿಗೆ ಹುಣ್ಣಾದಾಗ ಪ್ರವಾದಿ ಯೆಶಾಯನೇ ಅಂಜೂರದ ಉಂಡೆ ತಂದು ಕಟ್ಟಲು ಹೇಳುತ್ತಾನೆ. ಲೂಕನನ್ನು ಪೌಲ "ಪ್ರಿಯನಾದ ವೈದ್ಯ" ಅನ್ನುತ್ತಾನೆ. ಇದನ್ನು ಅಮ್ಮನಿಗೆ ಆಗಲೇ ಯಾರಾದರೂ ಓದಿ ಹೇಳಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ.

ನಿಮಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪ್ರಶ್ನೆ ಒಳ್ಳೆಯದು. ಮಗಳು ಕೈ ಬಿಟ್ಟು ರಸ್ತೆ ದಾಟುವುದು ಬೆಳವಣಿಗೆ ಅಂದಿರಿ. ಅದೂ ನಿಜ. ಕಣ್ಣು ಮುಚ್ಚಿ ನಿಲ್ಲು, ದೇವರೇ ದಾಟಿಸುತ್ತಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಮ್ಮ ಈಗ ಚೆನ್ನಾಗಿದ್ದಾರೆ. ಸೆಪ್ಟೆಂಬರ್ 8ಕ್ಕೆ ಆರೋಗ್ಯ ಮಾತೆಯ ಹಬ್ಬಕ್ಕೆ ನಡೆದುಕೊಂಡೇ ಬಂದರು. ಬೆಳಿಗ್ಗೆ ಮಾತ್ರೆ ಕೈಯಲ್ಲಿ ಹಿಡಿದು ಪ್ರಾರ್ಥನೆ ಮಾಡಿ ನುಂಗುತ್ತಾರೆ. ಮೊದಲು ಅಮ್ಮ ಹೀಗೆ ಮಾಡುತ್ತಿರಲಿಲ್ಲ. ನಾನು ಇದನ್ನೇ ಬೆಳವಣಿಗೆ ಅನ್ನುತ್ತೇನೆ.

ಚಳ್ಳಕೆರೆ ಮೇಷ್ಟ್ರು

ತಮ್ಮಾ, ನಿನ್ನ ಮೋಟಾರಿನ ಮಾತು ನನಗೆ ಹಿಡಿಸಿತು. ಹರಿಹರದ ತಂಗಿ ಬರೆದದ್ದಂತೂ ಎಲ್ಲ ಸಭೆಗಳಲ್ಲೂ ಓದಿ ಹೇಳಬೇಕಾದದ್ದು.

ನೀನು ಹೇಳಿದ್ದು ಸರಿ. ಮೋಟಾರ್ ಬೆಳೆಯುವುದಿಲ್ಲ. ಪಾಸ್ಟರ್ ಮನಸ್ಸು ಒಳ್ಳೆಯದು, ಹೋಲಿಕೆ ಸಾಲದು. ಯೇಸು ಹೇಳಿದ್ದು ದ್ರಾಕ್ಷಿ ಬಳ್ಳಿ ಮತ್ತು ಕೊಂಬೆ. ಕೊಂಬೆ ಬೆಳೆಯುತ್ತದೆ. ಆದರೆ ಎಷ್ಟು ದಪ್ಪವಾದರೂ, ಎಷ್ಟು ಹಣ್ಣು ಬಿಟ್ಟರೂ, "ಇನ್ನು ನನಗೆ ಬಳ್ಳಿ ಬೇಡ" ಅನ್ನುವ ದಿನ ಬರುವುದಿಲ್ಲ. ಮಗು ಬೆಳೆದು ಅಪ್ಪನ ಕೈ ಬಿಡುತ್ತದೆ. ಕೊಂಬೆ ಬೆಳೆದಷ್ಟೂ ಬಳ್ಳಿಯಿಂದ ಜಾಸ್ತಿ ರಸ ಎಳೆಯುತ್ತದೆ. ಎರಡೂ ಬೆಳವಣಿಗೆಯೇ, ಆದರೆ ಬೇರೆ ಬೇರೆ. ನಿನ್ನ ಗೊಂದಲ ಇರುವುದು ಇಲ್ಲಿ ಅಂತ ನನಗೆ ಕಾಣುತ್ತದೆ.

ನನಗೆ ದ್ರಾಕ್ಷಿ ಗೊತ್ತಿಲ್ಲ, ಶೇಂಗಾ ಗೊತ್ತು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದೆ. ಊರಲ್ಲಿ ಆರು ಎಕರೆ ಕೆಂಪು ನೆಲ. ಎರಡು ಸಲ ಬೋರ್ ಕೊರೆಸಿದೆ, ಧೂಳು ಬಂತು. ಕಾಗದದಲ್ಲಿ ನಮ್ಮಂಥ ಹೊಲಕ್ಕೆ ಮಳೆಯಾಶ್ರಿತ ಅಂತ ಬರೆಯುತ್ತಾರೆ. ಮಳೆಯನ್ನು ಆಶ್ರಯಿಸಿದ್ದು. ಎಷ್ಟೋ ವರ್ಷ ಆ ಪದವನ್ನು ಬಡತನದ ಗುರುತು ಅಂದುಕೊಂಡಿದ್ದೆ.

ಧರ್ಮೋಪದೇಶಕಾಂಡ 11ನೇ ಅಧ್ಯಾಯ ತೆಗೆದು ನೋಡು. ಮೋಶೆ ಜನರಿಗೆ ಹೇಳುತ್ತಾನೆ: ನೀವು ಬಿಟ್ಟು ಬಂದ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಬೀಜ ಬಿತ್ತಿ, ಕಾಯಿಪಲ್ಯದ ತೋಟಕ್ಕೆ ಹಾಯಿಸಿದ ಹಾಗೆ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ. ಈಗ ಹೋಗುವ ದೇಶ ಹಾಗಲ್ಲ. ಅದು ಬೆಟ್ಟ ತಗ್ಗುಗಳ ದೇಶ, ಆಕಾಶದ ಮಳೆ ನೀರು ಕುಡಿಯುವ ದೇಶ. ವರ್ಷದ ಮೊದಲಿನಿಂದ ಕೊನೆಯವರೆಗೆ ದೇವರ ಕಣ್ಣು ಅದರ ಮೇಲಿರುತ್ತದೆ. ಅದೇ ಅಧ್ಯಾಯದಲ್ಲಿ ಮುಂಗಾರು, ಹಿಂಗಾರು ಮಳೆಯ ಮಾತಿದೆ. ನಮ್ಮ ಕನ್ನಡ ಬೈಬಲಿನಲ್ಲಿ ಅದನ್ನು ಓದಿದಾಗ ನಮ್ಮ ಹೊಲದ ಬದುವಿನ ಮೇಲೆ ನಿಂತು ಯಾರೋ ಮಾತಾಡಿದ ಹಾಗಿತ್ತು. ನೈಲ್ ನದಿ ಇದ್ದ ನಾಡಿನಿಂದ ಕರೆದುಕೊಂಡು ಬಂದು, ಬೇಕೆಂದೇ ಮಳೆಯಾಶ್ರಿತ ಭೂಮಿ ಕೊಟ್ಟ ದೇವರು! ಕಾಲುವೆ ಇದ್ದವನು ಮೇಲೆ ನೋಡುವುದಿಲ್ಲ.

ಹಾಗಂತ ಮಳೆಯಾಶ್ರಿತದವನು ಮಲಗಿರುತ್ತಾನಾ? ಮಳೆ ಬರುವ ಮುಂಚೆ ಗೊಬ್ಬರ ಚೆಲ್ಲಿರಬೇಕು, ಕುಂಟೆ ಹೊಡೆದಿರಬೇಕು, ಕಾಯಿ ಒಡೆದು ಬೀಜ ಆರಿಸಿ ಇಟ್ಟಿರಬೇಕು, ಕೂರಿಗೆ ಸರಿಮಾಡಿಕೊಂಡಿರಬೇಕು. ಆರಿದ್ರಾ, ಪುನರ್ವಸುವಿನಲ್ಲಿ ಹದ ಮಳೆ ಬಿದ್ದರೆ ಮಣ್ಣಿನ ಹಸಿ ಆರುವುದರೊಳಗೆ ಬಿತ್ತಿ ಮುಗಿಸಬೇಕು. ಆ ದಿನ ಸಿದ್ಧವಿಲ್ಲದವನಿಗೆ ಮಳೆ ಬಂದೂ ಬಂದಂತಲ್ಲ. ನಾನು ಮಾಡುವುದೆಲ್ಲ ನಾನು ಮಾಡಬೇಕು. ಅಷ್ಟು ಮಾಡಿದ ಮೇಲೂ ಒಂದು ಹನಿಯನ್ನು ನಾನು ಬೀಳಿಸಲಾರೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರುವುದೇ ಆತನನ್ನು ಆಶ್ರಯಿಸುವುದು ಅಂತ ನಾನು ಕಲಿತೆ.

ಶೇಂಗಾದ ಇನ್ನೊಂದು ವಿಷಯ ಗೊತ್ತಾ? ಹೂವು ಬಿಡುವುದು ಮೇಲೆ, ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೂವು ಬಾಡಿದ ಮೇಲೆ ಸೂಜಿಯಂಥ ಎಳೆಯೊಂದು ಕೆಳಗೆ ಬಾಗಿ ನೆಲಕ್ಕೆ ಇಳಿಯುತ್ತದೆ. ಅದರ ತುದಿಯಲ್ಲೇ ಕಾಯಿ. ನೆಲ ಒಣಗಿ ಗಟ್ಟಿಯಾಗಿದ್ದರೆ ಆ ಎಳೆ ಇಳಿಯಲಾಗದೆ ಹಾಗೇ ಒಣಗುತ್ತದೆ. ಗಿಡ ಮೇಲೆ ಹಸಿರಾಗಿಯೇ ಕಾಣುತ್ತಿರುತ್ತದೆ. ನೀನು "ಸಣ್ಣವನಾದೆ" ಅಂದಾಗ ನನಗೆ ಈ ಕೆಳಗೆ ಬಾಗುವ ಎಳೆ ನೆನಪಾಯಿತು.

2022ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಅಣೆಕಟ್ಟು ತುಂಬಿ ಕೋಡಿ ಬಿತ್ತು. ಅದಕ್ಕೂ ಮುಂಚೆ ಬಿದ್ದದ್ದು 1933ರಲ್ಲಿ. 89 ವರ್ಷ. ನಮ್ಮಪ್ಪ ಅದರ ಆಸೆಯಲ್ಲೇ ಹೋದರು. ನಾನು ಹೋಗಿ ನೋಡಿ ಅತ್ತೆ. ಇನ್ನು ನಮ್ಮ ಜಿಲ್ಲೆಗೆ ಕಷ್ಟ ಮುಗಿಯಿತು ಅಂದುಕೊಂಡೆ. ಮುಂದಿನ ವರ್ಷವೇ ಬರ. 2023ರಲ್ಲಿ ಶೇಂಗಾ ಹೂವಿಗೆ ಬಂದಿತ್ತು, ಆಗಸ್ಟ್ ಪೂರ್ತಿ ಮಳೆ ಇಲ್ಲ. ಕಿತ್ತು ನೋಡಿದರೆ ಗಿಡಕ್ಕೆ ಎರಡು, ಮೂರು ಕಾಯಿ.

ಪ್ರಾರ್ಥನೆ ಮಾಡಿದೆ, ಮಳೆ ಬಂತು ಅಂತ ನಾನು ಸಾಕ್ಷಿ ಹೇಳಲಾರೆ. ಬರಲಿಲ್ಲ. ಆದರೆ ಹಿಂದೆ ಬೆಳೆ ಹೋದ ವರ್ಷಗಳಲ್ಲಿ ನಾನು ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ತಟ್ಟೆ ಎಸೆದದ್ದೂ ಇದೆ. 2023ರಲ್ಲಿ ಹಾಗೆ ಮಾಡಲಿಲ್ಲ. ಪಕ್ಕದ ಹೊಲದವನ ಮನೆಗೆ ನಾನೇ ಹೋಗಿ ಎತ್ತಿಗೆ ಮೇವು ಕೇಳಿದೆ. 30 ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಆ ಬಾಗಿಲು ತಟ್ಟುವುದು ಸುಲಭವಾಗಿರಲಿಲ್ಲ. ಹಬಕ್ಕೂಕ ಪ್ರವಾದಿ ಹೊಲಗಳು ಬೆಳೆ ಕೊಡದಿದ್ದರೂ ನಾನು ಯೆಹೋವನಲ್ಲಿ ಸಂತೋಷಿಸುತ್ತೇನೆ ಅನ್ನುತ್ತಾನೆ. ಸಂತೋಷದವರೆಗೆ ನಾನಿನ್ನೂ ಮುಟ್ಟಿಲ್ಲ. ತಟ್ಟೆ ಎಸೆಯದಿರುವವರೆಗೆ ಬಂದಿದ್ದೇನೆ.

ಕೈ ಸರಿಯಾದ ಮೇಲೆ ಮರೆವು ಬರುತ್ತದೆ ಅಂದೆಯಲ್ಲ, ಅದು ದೇವರಿಗೂ ಗೊತ್ತಿತ್ತು. ಧರ್ಮೋಪದೇಶಕಾಂಡ 8 ಓದು. ತಿಂದು ತೃಪ್ತರಾಗಿ ಒಳ್ಳೆಯ ಮನೆ ಕಟ್ಟಿದ ಮೇಲೆ, ಇದೆಲ್ಲ ನನ್ನ ಕೈಯ ಬಲದಿಂದ ಬಂತು ಅಂದುಕೊಳ್ಳಬೇಡಿ ಅಂತ ಮೋಶೆ ಎಚ್ಚರಿಸುತ್ತಾನೆ. ದುಡಿಯುವ ಶಕ್ತಿ ಕೊಟ್ಟವನು ಆತನೇ ಅನ್ನುತ್ತಾನೆ. ಮರುಭೂಮಿಯಲ್ಲಿ ಆಕಾಶದಿಂದ ಕೊಟ್ಟ ಆಹಾರವಾದ ಮನ್ನವನ್ನು ಒಂದು ತಿಂಗಳಿಗೆ ಒಟ್ಟಿಗೆ ಕೊಡಲಿಲ್ಲ. ಅವತ್ತಿಂದು ಅವತ್ತಿಗೆ. ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಸಬ್ಬತ್ತಿನ, ಅಂದರೆ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು. ಫೆಬ್ರವರಿಯ ಪ್ರಾರ್ಥನೆ ಫೆಬ್ರವರಿಯ ಮನ್ನ. ಅದು ಈ ತಿಂಗಳಿಗೆ ಬರಲಿಲ್ಲ ಅಂತ ಕೊರಗಬೇಡ. ಶಟರ್ ಎತ್ತುವ ಮುಂಚೆ ಒಂದು ನಿಮಿಷ ಆ ಕೈಯನ್ನು ಶಟರ್ ಮೇಲಿಟ್ಟು ಇವತ್ತಿನದನ್ನು ಕೇಳು. ನಾನು ಕುಂಟೆ ಕಟ್ಟುವ ಮುಂಚೆ ಕೇಳುತ್ತೇನೆ.

ಮತ್ತೆ, ಆ ಹುಡುಗ ಎರಡು ಮೋಟಾರ್ ಕೆಡಿಸಿದ್ದಷ್ಟೇ ಬರೆದೆ. ನಾಲ್ಕು ತಿಂಗಳು ಅಂಗಡಿ ತೆರೆದಿಟ್ಟದ್ದು ಯಾರು?

ವೈಂಡಿಂಗ್ ಅಂಗಡಿ, ದಾವಣಗೆರೆ

ಮೇಷ್ಟ್ರೇ, ಅಕ್ಕಂದಿರೇ, ಉತ್ತರ ಬರೆಯಲು ಎರಡು ವಾರ ತಡವಾಯಿತು.

ಕೊನೆಯ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ಹುಡುಗನಿಗೆ ಟೀ ಕೊಡಿಸಿ, ಕೂಗಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಅಂದೆ. ಅವನು ತಲೆ ತಗ್ಗಿಸಿಕೊಂಡು "ಇರಲಿ ಬಿಡಣ್ಣ" ಅಂದ. ಅವತ್ತೇ ಸಂತೇಬೆನ್ನೂರು ಕಡೆಯಿಂದ ಒಂದು 7.5 ಎಚ್‌ಪಿ ಬೋರ್ ಮೋಟಾರ್ ಬಂತು. ಅಪಘಾತದ ನಂತರ ನಾನೇ ಕೂತದ್ದು ಅದೇ ಮೊದಲು. ನಾನು ಈ ಕಡೆಯಿಂದ ತೂರಿಸಿದೆ, ಅವನು ಆ ಕಡೆಯಿಂದ ಎಳೆದ. ನಾಲ್ಕನೇ ಸ್ಲಾಟಿಗೆ ಬಂದಾಗ "ಅಣ್ಣ, ಒಂದು ಸುತ್ತು ಕಡಿಮೆಯಾಗಿದೆ" ಅಂದ. ನಾನು ಇಲ್ಲ ಅಂದೆ. ಎಣಿಸಿದರೆ ಅವನು ಹೇಳಿದ್ದೇ ಸರಿ. ಹಿಂದಿನ ನಾನಾಗಿದ್ದರೆ ಅವನು ಬಾಯಿ ಬಿಡುತ್ತಲೇ ಇರಲಿಲ್ಲ, ಅಷ್ಟು ಹೆದರುತ್ತಿದ್ದ. ಆ ಮೋಟಾರ್ ನೀರಿಗಿಳಿದು ಹತ್ತು ದಿನವಾಯಿತು, ಓಡುತ್ತಿದೆ.

ಶಟರ್ ಮೇಲೆ ಕೈ ಇಟ್ಟು ಕೇಳುವುದು ನಡೆದಿದೆ. ಮೂರು ದಿನ ಮರೆತೆ. ನಾಲ್ಕನೇ ದಿನ ಮಗಳು ಚಾಕ್‌ಪೀಸಿನಲ್ಲಿ ಶಟರ್ ಮೇಲೆ ಒಂದು ಕೈ ಬರೆದಿಟ್ಟಳು.

ಹರಿಹರದ ಅಕ್ಕ, ನಿಮ್ಮ ಅಮ್ಮನ ವಿಷಯ ನಮ್ಮ ಪಾಸ್ಟರಿಗೆ ಓದಿ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಮುಂದಿನ ಕೂಟದಲ್ಲಿ ಆಸನ ಅಧ್ಯಾಯ ಪೂರ್ತಿ ಓದೋಣ ಅಂದಿದ್ದಾರೆ. ಮೋಟಾರಿನ ಹೋಲಿಕೆ ಬಗ್ಗೆಯೂ ಹೇಳಿದೆ, ಬೇಸರ ಮಾಡಿಕೊಳ್ಳಲಿಲ್ಲ.

ಸಿಸ್ಟರ್, ವ್ಯಾಯಾಮ ಬಿಟ್ಟಿದ್ದೆ, ಮತ್ತೆ ಶುರುಮಾಡಿದ್ದೇನೆ. ಡಬ್ಬಿಗಳ ವಿಷಯ ಹೆಂಡತಿಗೆ ಓದಿ ಹೇಳಿದೆ. ಅವಳು ಅವತ್ತೇ ಮಂಡಕ್ಕಿ ಒಗ್ಗರಣೆ ಮಾಡಿ ಎಲ್ಲವನ್ನೂ ತುಂಬಿದಳು. ಶನಿವಾರ ಸಂಜೆ ನಾನೇ ಮನೆ ಮನೆಗೆ ಹೋಗಿ ಕೊಟ್ಟು ಬಂದೆ. ಒಬ್ಬರು ಅಮ್ಮ ಡಬ್ಬಿ ಇಸಿದುಕೊಂಡು, ಅದರಲ್ಲೇ ಉಪ್ಪಿನಕಾಯಿ ತುಂಬಿ ಮತ್ತೆ ನನ್ನ ಕೈಗೇ ಕೊಟ್ಟರು. ಬೇಡ ಅನ್ನಲಿಲ್ಲ, ತೆಗೆದುಕೊಂಡು ಬಂದೆ. ಒಂಬತ್ತರಲ್ಲಿ ಏಳು ಯಾರ ಮನೆಯವು ಅಂತ ಗೊತ್ತಾಯಿತು. ಎರಡು ಯಾರವು ಅಂತ ಯಾರನ್ನು ಕೇಳಿದರೂ ಗೊತ್ತಾಗುತ್ತಿಲ್ಲ. ಒಂದಕ್ಕೆ ನೀಲಿ ಮುಚ್ಚಳ, ಇನ್ನೊಂದರ ತಳದಲ್ಲಿ ಸಣ್ಣ ತಗ್ಗು ಇದೆ. ಭಾನುವಾರ ಆರಾಧನೆಗೆ ತೆಗೆದುಕೊಂಡು ಹೋಗಿ ಹಿಂದಿನ ಬೆಂಚಿನ ಮೇಲೆ ಇಡುತ್ತೇನೆ.